ಕಾವಲಿ ಪಳಗಿಸುವಿಕೆ

ಕಾವಲಿ ಪಳಗಿಸುವಿಕೆ ಎಂದರೆ ಹೊಸದಾಗಿ ಕೊಂಡ ಕಬ್ಬಿಣದ ಕಾವಲಿಯನ್ನು ಅಥವಾ ಹೆಂಚನ್ನು ಮೊದಲ ಬಳಕೆಗೆ ಮುನ್ನ ತೊಳೆದು, ಒಣಗಿಸಿ, ಎಣ್ಣೆ ಸವರಿ, ಕಾಯಿಸಿ ಅಡುಗೆಗೆ ಸಿದ್ಧಗೊಳಿಸುವ ಕ್ರಮ. ಹೀಗೆ ಸಿದ್ಧಗೊಂಡ ಕಾವಲಿಯಿಂದ ದೋಸೆ ಸುಲಭವಾಗಿ ಏಳುತ್ತದೆ. ಕಬ್ಬಿಣವೂ ಬೇಗ ತುಕ್ಕು ಹಿಡಿಯುವುದಿಲ್ಲ. ಪಳಗಿದ ಕಾವಲಿಯ ಕಪ್ಪು ಹೊಳಪು ಮೇಲೆ ನಿಂತ ಎಣ್ಣೆಯಿಂದ ಬಂದುದಲ್ಲ. ಕಾವಿನಲ್ಲಿ ಎಣ್ಣೆ ರೂಪಾಂತರ ಹೊಂದಿ ಲೋಹಕ್ಕೆ ಕಚ್ಚಿಕೊಂಡ ತೆಳುವಾದ ಗಟ್ಟಿ ಪದರ ಅದು. ಈ ಎರಡನ್ನೂ ಒಂದೇ ಎಂದು ಭಾವಿಸಿ ಎಣ್ಣೆಯನ್ನು ಧಾರಾಳವಾಗಿ ಸುರಿಯುವುದರಿಂದಲೇ ಹೊಸ ಕಾವಲಿಗಳು ಹೆಚ್ಚಾಗಿ ಕೆಡುತ್ತವೆ.

ಎರಕದ ಕಬ್ಬಿಣ, ತಗಡಿನ ಕಬ್ಬಿಣ ಮತ್ತು ಹೋಟೆಲುಗಳ ದಪ್ಪ ಉಕ್ಕಿನ ಹಲಗೆಗಳನ್ನು ಪಳಗಿಸುವ ತತ್ತ್ವ ಒಂದೇ. ಮಣ್ಣಿನ ಹೆಂಚು ಹಾಗೂ ಬಳಪದ ಕಲ್ಲಿನ ಕಾವಲಿಗಳಿಗೆ ಕ್ರಮ ಸ್ವಲ್ಪ ಬೇರೆ. ನಾನ್‌ಸ್ಟಿಕ್ ಲೇಪನವುಳ್ಳ ತವಾಗಳಿಗೆ ಪಳಗಿಸುವಿಕೆ ಅನ್ವಯಿಸುವುದಿಲ್ಲ.

ಹೆಸರುಗಳು

ದೋಸೆ ಹುಯ್ಯುವ ಹಲಗೆಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಬೆಂಗಳೂರು, ಮೈಸೂರು ಸೀಮೆಯಲ್ಲಿ ಹೆಂಚು, ಕಾವಲಿ ಎರಡೂ ಬಳಕೆಯಲ್ಲಿವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಕಾವಲಿ ಎಂಬುದೇ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಬೇಯುವುದು ಹಂಚಿನ ಮೇಲೆ. ಹೋಟೆಲಿನ ದೊಡ್ಡ ಹಲಗೆ ಲೋಹದ್ದೇ ಆದರೂ ಅದನ್ನು ದೋಸೆ ಕಲ್ಲು ಎನ್ನುವ ರೂಢಿಯಿದೆ. ತವಾ ಎಂಬ ಪದ ಈಗ ಎಲ್ಲೆಡೆ ಹರಡಿದೆ.

ಕಾವಲಿ ಎಂಬ ಪದ ಕಾಯು, ಕಾವು ಎಂಬ ಪದಗಳ ಬಳಗಕ್ಕೆ ಸೇರಿದ್ದು. ಹೆಂಚು ಅಥವಾ ಹಂಚು ಎಂಬುದಕ್ಕೆ ಮನೆಯ ಮೇಲೆ ಹೊದಿಸುವ ಸುಟ್ಟ ಮಣ್ಣಿನ ಬಿಲ್ಲೆ ಎಂಬ ಅರ್ಥವೂ ಉಂಟು. ಕರಾವಳಿಯಲ್ಲಿ ಬಳಕೆಯಲ್ಲಿರುವ ಓಡು ಎಂಬ ಪದದ ಸ್ಥಿತಿಯೂ ಹೀಗೆಯೇ: ಮಾಡಿನ ಹೆಂಚೂ ಓಡು, ದೋಸೆ ಹುಯ್ಯುವ ಮಣ್ಣಿನ ಪಾತ್ರೆಯೂ ಓಡು. ಕಬ್ಬಿಣ ಅಡುಗೆಮನೆಗೆ ಬರುವ ಮುನ್ನ ಈ ಉಪಕರಣ ಮಣ್ಣಿನದಾಗಿತ್ತೆಂಬುದನ್ನು ಪದಗಳೇ ಉಳಿಸಿಕೊಂಡಿವೆ. ಎರಕದ ಕಬ್ಬಿಣಕ್ಕೆ ಕನ್ನಡದಲ್ಲಿ ಬೀಡು ಎಂಬ ಹೆಸರಿದ್ದು, ಅದರಿಂದ ಮಾಡಿದುದನ್ನು ಬೀಡಿನ ಕಾವಲಿ ಎನ್ನುತ್ತಾರೆ.

ಪಳಗಿಸು ಎಂಬ ಕ್ರಿಯಾಪದವನ್ನು ಎತ್ತು, ಕುದುರೆ, ಆನೆಗಳ ವಿಷಯದಲ್ಲಿಯೂ ಬಳಸಲಾಗುತ್ತದೆ. ಒಂದು ದಿನದಲ್ಲಿ ಮುಗಿಯದ, ಬಳಕೆಯಿಂದಲೇ ಪೂರ್ಣವಾಗುವ ಕೆಲಸ ಎಂಬ ಸೂಚನೆ ಪದದಲ್ಲಿಯೇ ಇದೆ.

ಹಿನ್ನೆಲೆ

ಕಾದ ಹಲಗೆಗೆ ಎಣ್ಣೆ ಸವರಿ ಹಿಟ್ಟು ಹುಯ್ಯುವ ಪದ್ಧತಿ ಕನ್ನಡನಾಡಿನಲ್ಲಿ ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಧೋಸಕ ಎಂಬ ಭಕ್ಷ್ಯದ ಉಲ್ಲೇಖವಿದೆ. ಅದು ಇಂದಿನ ದೋಸೆಯಂತೆ ಅಕ್ಕಿ ಮತ್ತು ಉದ್ದು ಸೇರಿದ್ದಲ್ಲ, ಬೇಳೆಯ ಹಿಟ್ಟಿನದು.

ಬೆಂಗಳೂರಿನ ಪೇಟೆ ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಒಂದನೆಯ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನಲ್ಲಿ ಪೂರ್ವಪಶ್ಚಿಮವಾಗಿ ಚಿಕ್ಕಪೇಟೆಯ ಬೀದಿ, ಉತ್ತರದಕ್ಷಿಣವಾಗಿ ದೊಡ್ಡಪೇಟೆಯ ಬೀದಿ ಹಾದುಹೋಗಿ ಒಂದನ್ನೊಂದು ಕೂಡುತ್ತಿದ್ದವು. ದೊಡ್ಡಪೇಟೆಯ ಬೀದಿಯೇ ಇಂದಿನ ಅವೆನ್ಯೂ ರಸ್ತೆ. ಸುತ್ತಲಿನ ಪೇಟೆಗಳು ಕಸುಬು ಮತ್ತು ಸರಕುಗಳಿಂದ ಹೆಸರು ಪಡೆದವು. ಕುಂಬಾರಪೇಟೆ ಮಡಕೆ ಮಾಡುವವರದು, ಗಾಣಿಗರಪೇಟೆ ಎಣ್ಣೆ ತೆಗೆಯುವವರದು. ಅಕ್ಕಿಪೇಟೆ ಮತ್ತು ರಾಗಿಪೇಟೆಗಳು ಧಾನ್ಯದವು. ಮಣ್ಣಿನ ಹೆಂಚು, ಅದಕ್ಕೆ ಸವರುವ ಎಣ್ಣೆ, ಅದರ ಮೇಲೆ ಹುಯ್ಯುವ ಹಿಟ್ಟಿನ ಧಾನ್ಯ, ಈ ಮೂರಕ್ಕೂ ಸಲ್ಲುವ ಪೇಟೆಗಳು ಚಿಕ್ಕಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿದ್ದವು. ಆ ಕಸುಬುಗಳು ಹೆಚ್ಚಾಗಿ ಅಲ್ಲಿಂದ ಮರೆಯಾಗಿದ್ದರೂ ಹೆಸರುಗಳು ಉಳಿದಿವೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳವರು ಮದುವೆಯ ಜವಳಿಯೊಂದಿಗೆ ಪಾತ್ರೆಪಡಗವನ್ನೂ ಕೊಳ್ಳಲು ಪೇಟೆಗೆ ಹೋಗುವ ರೂಢಿ ಇನ್ನೂ ಇದೆ.

ಇದೇ ಬಡಾವಣೆಗಳು ದೋಸೆಯ ಹೋಟೆಲುಗಳಿಗೂ ಹೆಸರಾದವು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಸಂಸ್ಥೆ 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದವು. ಹೋಟೆಲಿನ ದೋಸೆಯ ರುಚಿ, ಗರಿ ಮನೆಯಲ್ಲಿ ಬರುವುದಿಲ್ಲವೆಂಬ ಮಾತು ಬೆಂಗಳೂರಿನಲ್ಲಿ ಸಾಮಾನ್ಯ. ಅದಕ್ಕೆ ಹಿಟ್ಟಿನ ಹದದಷ್ಟೇ ಕಾರಣವಾಗಿರುವುದು ದಿನವೂ ನೂರಾರು ದೋಸೆ ಕಂಡ ಹಲಗೆ.

ಹೊಸ ಕಾವಲಿಗೆ ಹಿಟ್ಟು ಅಂಟುವ ಕಾರಣ

ಕಣ್ಣಿಗೆ ನುಣುಪಾಗಿ ಕಂಡರೂ ಹೊಸ ಕಬ್ಬಿಣದ ಮೇಲ್ಮೈಯಲ್ಲಿ ಸೂಕ್ಷ್ಮವಾದ ಏರುತಗ್ಗುಗಳಿರುತ್ತವೆ. ಬೀಡಿನ ಕಾವಲಿಯನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವುದರಿಂದ ಅದರಲ್ಲಿ ಇವು ಇನ್ನೂ ಹೆಚ್ಚು. ಹಸಿ ಹಿಟ್ಟು ಈ ತಗ್ಗುಗಳಲ್ಲಿ ಇಳಿದು, ಬೇಯುತ್ತಾ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದಲ್ಲದೆ ಹಿಟ್ಟಿನ ಪ್ರೋಟೀನುಗಳು ಬರಿಯ ಲೋಹದೊಂದಿಗೆ ನೇರವಾಗಿ ಬಂಧ ಏರ್ಪಡಿಸಿಕೊಳ್ಳುತ್ತವೆ. ಹಸಿ ಎಣ್ಣೆ ಈ ಸಂಪರ್ಕವನ್ನು ಸ್ವಲ್ಪ ಹೊತ್ತು ತಡೆಯಬಹುದು. ಆದರೆ ನೀರಾದ ಹಿಟ್ಟು ಬಿದ್ದ ಕಡೆ ಅದು ಬದಿಗೆ ಸರಿದು ಲೋಹ ಮತ್ತೆ ಬಯಲಾಗುತ್ತದೆ.

ಎಣ್ಣೆಯಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚಿನ ಕಾವಿನಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಹ ದೊಡ್ಡ ಅಣುಗಳಾಗುತ್ತವೆ. ಇದನ್ನು ಪಾಲಿಮರೀಕರಣ ಎನ್ನುತ್ತಾರೆ. ಎಣ್ಣೆಬಣ್ಣ ಬಳಿದ ಬಾಗಿಲು ಒಣಗಿ ಗಟ್ಟಿಯಾಗುವುದೂ ಇದೇ ಬಗೆಯ ಕ್ರಿಯೆ. ಕಬ್ಬಿಣ ಅದನ್ನು ಚುರುಕುಗೊಳಿಸುತ್ತದೆ. ಹೀಗೆ ರೂಪುಗೊಂಡ ಪದರ ನೀರಿನಲ್ಲಿಯೂ ಎಣ್ಣೆಯಲ್ಲಿಯೂ ಕರಗುವುದಿಲ್ಲ. ಅದು ಮೇಲ್ಮೈಯ ತಗ್ಗುಗಳನ್ನು ತುಂಬಿ ಹಿಟ್ಟಿಗೂ ಲೋಹಕ್ಕೂ ನಡುವೆ ನಿಲ್ಲುತ್ತದೆ.

ಪದರ ಸರಿಯಾಗಿ ಕೂಡಬೇಕಾದರೆ ಎಣ್ಣೆ ಅತ್ಯಂತ ತೆಳುವಾಗಿರಬೇಕು. ದಪ್ಪವಾಗಿ ನಿಂತರೆ ಮೇಲ್ಭಾಗ ಕೆನೆಕಟ್ಟಿ ಒಳಭಾಗ ಅರೆಬರೆಯಾಗಿ ಉಳಿಯುತ್ತದೆ. ಅಂತಹ ಕಾವಲಿ ಕೈಗೆ ಜಿಗುಟಾಗಿ ಹತ್ತುತ್ತದೆ, ಕೆಲವು ದಿನಗಳಲ್ಲಿ ಸಿಪ್ಪೆ ಏಳುತ್ತದೆ.

ಕೊಳ್ಳುವಾಗ ಗಮನಿಸುವುದು

ಅಂಗಡಿಯಲ್ಲಿ ಕಪ್ಪಾಗಿ ಕಾಣುವ ಕಾವಲಿಗಳೆಲ್ಲ ಒಂದೇ ಬಗೆಯವಲ್ಲ. ಕೆಲವನ್ನು ತಯಾರಕರೇ ಖಾದ್ಯ ಎಣ್ಣೆಯಿಂದ ಒಮ್ಮೆ ಪಳಗಿಸಿರುತ್ತಾರೆ. ಕೆಲವಕ್ಕೆ ತುಕ್ಕು ಹಿಡಿಯದಂತೆ ಖನಿಜ ಎಣ್ಣೆ ಅಥವಾ ಮೇಣ ಸವರಿರುತ್ತದೆ. ಇನ್ನು ಕೆಲವಕ್ಕೆ ಕಪ್ಪು ಬಣ್ಣವನ್ನೇ ಬಳಿದಿರುವುದುಂಟು. ಮೊದಲನೆಯದನ್ನು ತೊಳೆದು ಇನ್ನೆರಡು ಬಾರಿ ಎಣ್ಣೆ ಕಾಯಿಸಿದರೆ ಸಾಕು. ಎರಡನೆಯದರ ಲೇಪ ಆಹಾರಕ್ಕೆ ಯೋಗ್ಯವಲ್ಲ. ಅದನ್ನು ಪೂರ್ತಿಯಾಗಿ ತೆಗೆಯದೆ ಮುಂದಿನ ಹಂತಕ್ಕೆ ಹೋಗಬಾರದು. ಉಗುರಿನಿಂದ ಕೆರೆದಾಗ ಚಕ್ಕೆಯಾಗಿ ಏಳುವ ಬಣ್ಣವುಳ್ಳ ಕಾವಲಿಯನ್ನು ಕೊಳ್ಳದಿರುವುದೇ ಮೇಲು.

ಬೀಡಿನ ಕಾವಲಿಯನ್ನು ಬೆರಳ ಗಿಣ್ಣಿನಿಂದ ತಟ್ಟಿ ಶಬ್ದ ಕೇಳುವುದು ಹಳೆಯ ಕ್ರಮ. ಗಂಟೆಯಂತೆ ನಾದ ಬಂದರೆ ಬಿರುಕಿಲ್ಲವೆಂದು ಅರ್ಥ, ಒಡಕು ಶಬ್ದ ಬಂದರೆ ಎಲ್ಲಿಯೋ ಸೀಳಿದೆ. ತಗಡಿನ ಹೆಂಚಿನಲ್ಲಿ ನೋಡಬೇಕಾದುದು ತಳ. ನುಣ್ಣನೆಯ ಕಲ್ಲಿನ ಮೇಲೆ ಇಟ್ಟಾಗ ಅದು ತಿರುಗಿದರೆ ನಡುಭಾಗ ಕೆಳಕ್ಕೆ ಉಬ್ಬಿದೆ, ಹುಯ್ದ ಹಿಟ್ಟು ನಡುವಿಗೆ ಹರಿಯುತ್ತದೆ.

ಮೊದಲ ತೊಳೆತ

ಹೊಸ ಕಾವಲಿಯನ್ನು ಬಿಸಿನೀರು ಹಾಗೂ ಸಾಬೂನಿನಿಂದ ಉಜ್ಜಿ ತೊಳೆಯಬೇಕು. ಕಬ್ಬಿಣದ ಕಾವಲಿಗೆ ಸಾಬೂನು ತಾಗಿಸಲೇಬಾರದೆಂಬ ಮಾತು ಈ ಹಂತಕ್ಕೆ ಸಲ್ಲದು. ಇಲ್ಲಿ ತೆಗೆಯಬೇಕಾಗಿರುವುದೇ ಕಾರ್ಖಾನೆಯ ಜಿಡ್ಡು. ಜಿಡ್ಡು ಹೋಯಿತೇ ಎಂಬುದನ್ನು ನೀರೇ ತಿಳಿಸುತ್ತದೆ: ಸುರಿದ ನೀರು ಹನಿಹನಿಯಾಗಿ ಒಡೆಯದೆ ಹಾಳೆಯಂತೆ ಹರಡಿದರೆ ಮೇಲ್ಮೈ ಶುದ್ಧವಾಗಿದೆ.

ಮನೆಗಳಲ್ಲಿ ರೂಢಿಯಲ್ಲಿರುವುದು ಗಂಜಿಯ ಕ್ರಮ. ಅನ್ನ ಬಸಿದ ಗಂಜಿಯಲ್ಲಿ ಅಥವಾ ಅಕ್ಕಿ ತೊಳೆದ ಅಕ್ಕಚ್ಚಿನಲ್ಲಿ ಕಾವಲಿಯನ್ನು ಎರಡು ಮೂರು ದಿನ ಮುಳುಗಿಸಿಡುತ್ತಾರೆ. ದಿನವೂ ನೀರು ಬದಲಿಸಿ, ತೆಂಗಿನ ನಾರು ಮತ್ತು ಸೀಗೆಪುಡಿ ಅಥವಾ ಒಲೆಯ ಬೂದಿಯಿಂದ ತಿಕ್ಕುತ್ತಾರೆ. ಮೊದಲ ದಿನದ ನೀರು ಕಪ್ಪಾಗಿ, ಮೂರನೆಯ ದಿನದ್ದು ಬಹುಮಟ್ಟಿಗೆ ತಿಳಿಯಾಗಿ ಬರುತ್ತದೆ. ಒಂದು ರಾತ್ರಿ ಕಳೆದ ಗಂಜಿ ಹುಳಿಯೇರುವುದರಿಂದ ಅದರಲ್ಲಿನ ಮೃದು ಆಮ್ಲ ತುಕ್ಕಿನ ಪುಡಿಯನ್ನು ಸಡಿಲಿಸುತ್ತದೆ. ಎರಕದ ಅಚ್ಚಿನಿಂದ ಅಂಟಿ ಬಂದ ಮರಳು ಮತ್ತು ಮಸಿ ಉಜ್ಜುವಾಗ ಬಿಡುತ್ತವೆ. ಗಂಜಿಯಿಂದಲೇ ಕಾವಲಿ ಪಳಗುತ್ತದೆಂಬ ನಂಬಿಕೆ ಸರಿಯಲ್ಲ. ಅದು ಶುದ್ಧಿಯ ಹಂತ ಮಾತ್ರ. ಸಮಯವಿಲ್ಲದವರು ಇದನ್ನು ಬಿಟ್ಟು ಸಾಬೂನಿನ ತೊಳೆತಕ್ಕೆ ನಿಂತರೂ ಹಾನಿಯಿಲ್ಲ. ಖನಿಜ ಎಣ್ಣೆಯ ಲೇಪವಿದ್ದರಂತೂ ಗಂಜಿಯೊಂದರಿಂದ ಅದು ಹೋಗುವುದಿಲ್ಲ.

ಅಲ್ಲಲ್ಲಿ ತುಕ್ಕಿನ ಕಲೆಗಳಿದ್ದರೆ ಹುಣಸೆಹಣ್ಣಿನಿಂದ ಉಜ್ಜಬಹುದು. ಹುಣಸೆಯ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಆದರೆ ಹುಳಿಯನ್ನು ಹೆಚ್ಚು ಹೊತ್ತು ಬಿಟ್ಟರೆ ಅದು ಕಬ್ಬಿಣವನ್ನೇ ತಿನ್ನುವುದರಿಂದ ಕೂಡಲೇ ತೊಳೆಯಬೇಕು.

ತೊಳೆದ ಕಬ್ಬಿಣವನ್ನು ತಾನಾಗಿ ಆರಲು ಬಿಡುವಂತಿಲ್ಲ. ಜಿಡ್ಡಿಲ್ಲದ ಒದ್ದೆ ಕಬ್ಬಿಣದ ಮೇಲೆ ಕೆಲವೇ ನಿಮಿಷಗಳಲ್ಲಿ ಕೇಸರಿ ಬಣ್ಣದ ತುಕ್ಕು ಕಾಣಿಸಿಕೊಳ್ಳುತ್ತದೆ. ಬಟ್ಟೆಯಿಂದ ಒರೆಸಿ ಸಣ್ಣ ಉರಿಯ ಮೇಲಿಟ್ಟು ತೇವವನ್ನು ಪೂರ್ತಿ ಹೋಗಲಾಡಿಸಬೇಕು.

ಎಣ್ಣೆ ಸವರಿ ಕಾಯಿಸುವುದು

ಕಾವಲಿ ಕೈ ತಾಗಿಸಬಹುದಾದಷ್ಟು ಬೆಚ್ಚಗಿರುವಾಗ ಒಂದು ಚಮಚಕ್ಕಿಂತ ಕಡಿಮೆ ಎಣ್ಣೆಯನ್ನು ಹತ್ತಿಬಟ್ಟೆಯಿಂದ ಮೇಲೆ, ಕೆಳಗೆ, ಅಂಚಿಗೆ, ಹಿಡಿಗೆ ಸವರಲಾಗುತ್ತದೆ. ಬಳಿಕ ಒಣ ಬಟ್ಟೆಯಿಂದ ಆ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಎಣ್ಣೆಯೇ ಉಳಿದಿಲ್ಲವೆಂದು ತೋರುವವರೆಗೆ ಒರೆಸಿದರೂ ಪದರಕ್ಕೆ ಬೇಕಾದಷ್ಟು ಉಳಿದಿರುತ್ತದೆ. ಇಡೀ ಕೆಲಸದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹಚ್ಚಿದ್ದನ್ನು ಒರೆಸಲು ಮನಸ್ಸು ಒಪ್ಪುವುದಿಲ್ಲ.

ಅನಂತರ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಕ್ರಮೇಣ ಉರಿ ಏರಿಸಬೇಕು. ಎಣ್ಣೆಯಿಂದ ತೆಳುವಾದ ಹೊಗೆ ಏಳತೊಡಗುತ್ತದೆ. ಹೊಗೆ ನಿಲ್ಲುವವರೆಗೆ, ಸುಮಾರು ಹತ್ತು ಹದಿನೈದು ನಿಮಿಷ, ಹಾಗೆಯೇ ಕಾಯಿಸಿ, ಒಲೆ ಆರಿಸಿ, ತಾನಾಗಿ ತಣಿಯಲು ಬಿಡಬೇಕು. ಇದೊಂದು ಸುತ್ತು. ಮೂರರಿಂದ ಆರು ಸುತ್ತುಗಳಲ್ಲಿ ಕಾವಲಿಯ ಬೂದು ಬಣ್ಣ ಕಂದಾಗಿ, ಕಂದು ಕಪ್ಪಿಗೆ ತಿರುಗುತ್ತದೆ. ಎಲ್ಲ ಸುತ್ತುಗಳೂ ಒಂದೇ ದಿನ ಆಗಬೇಕೆಂದಿಲ್ಲ.

ಸೌದೆ ಒಲೆಯ ಉರಿ ಕಾವಲಿಯ ತಳವನ್ನೆಲ್ಲ ಆವರಿಸುತ್ತಿತ್ತು. ಗ್ಯಾಸ್ ಒಲೆಯ ಉರಿ ಬಳೆಯಾಕಾರದಲ್ಲಿ ನಡುವೆ ಮಾತ್ರ ತಾಗುವುದರಿಂದ ಅಂಚು ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಕಾವಲಿಯನ್ನು ಎರಡೆರಡು ನಿಮಿಷಕ್ಕೊಮ್ಮೆ ಸರಿಸಿ ಪ್ರತಿಯೊಂದು ಅಂಚೂ ಉರಿಯ ಮೇಲೆ ಬರುವಂತೆ ಮಾಡಬೇಕು. ಇಂಡಕ್ಷನ್ ಒಲೆ ನಡುಭಾಗವನ್ನು ಬಹು ಬೇಗ ಕಾಯಿಸುತ್ತದೆ. ಅದರ ಮೇಲೆ ಬೀಡಿನ ಕಾವಲಿಯನ್ನು ಮೊದಲೇ ಹೆಚ್ಚಿನ ಕಾವಿನಲ್ಲಿಟ್ಟರೆ ಸೀಳುವ, ತಗಡಿನದಾದರೆ ಸೊಟ್ಟಗಾಗುವ ಸಂಭವವಿದೆ.

ತಗಡಿನ ಹೆಂಚಿಗೆ ಎಣ್ಣೆಗೆ ಮುನ್ನ ಇನ್ನೊಂದು ಹಂತವನ್ನು ಸೇರಿಸುವುದುಂಟು. ಬರಿದಾದ ಹೆಂಚನ್ನು ಕಾಯಿಸುತ್ತಾ ಹೋದರೆ ಅದು ಹುಲ್ಲಿನ ಹಳದಿಯಿಂದ ಕಂದಾಗಿ, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀಲಿಗೆ ತಿರುಗುತ್ತದೆ. ಈ ನೀಲಿ ಕಬ್ಬಿಣದ ತೆಳು ಆಕ್ಸೈಡ್ ಪದರದಿಂದ ತೋರುವ ಬಣ್ಣ. ಎಣ್ಣೆಯ ಪದರ ಅದರ ಮೇಲೆ ಚೆನ್ನಾಗಿ ಕಚ್ಚುತ್ತದೆ.

ಎಣ್ಣೆಯ ಆಯ್ಕೆ

ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಎಣ್ಣೆಗಳು ಬೇಗ ಪದರ ಕಟ್ಟುತ್ತವೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮೂರೂ ಇದಕ್ಕೆ ಒಪ್ಪುತ್ತವೆ. ಹಳೆ ಮೈಸೂರಿನ ಮನೆಗಳಲ್ಲಿ ದೋಸೆಗೆ ಬಳಸುವ ಕಡಲೆಕಾಯಿ ಎಣ್ಣೆಯೇ ಕಾವಲಿಗೂ ಸಲ್ಲುತ್ತದೆ. ಗಾಣದ ಎಣ್ಣೆ ಸುಮಾರು 160 ಡಿಗ್ರಿಯಲ್ಲಿಯೇ ಹೊಗೆಯಾಡಿದರೆ, ಶುದ್ಧೀಕರಿಸಿದ ಎಣ್ಣೆಗೆ 230 ಡಿಗ್ರಿಯಷ್ಟು ಬೇಕಾಗುತ್ತದೆ. ಆದ್ದರಿಂದ ಹೊಗೆ ಕಂಡ ಕೂಡಲೇ ಇಳಿಸದೆ, ಅದು ನಿಲ್ಲುವವರೆಗೆ ಕಾಯುವುದು ಗಾಣದ ಎಣ್ಣೆಯ ವಿಷಯದಲ್ಲಿ ಇನ್ನೂ ಅಗತ್ಯ.

ತೆಂಗಿನೆಣ್ಣೆಯಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ಪರ್ಯಾಪ್ತ ಕೊಬ್ಬು ಇರುವುದರಿಂದ ಅದು ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಕರಾವಳಿಯ ಅಡುಗೆಯಲ್ಲಿ ಅದು ಪ್ರಧಾನವಾಗಿದ್ದರೂ ಹೊಸ ಕಾವಲಿಯ ಮೊದಲ ಪದರಗಳಿಗೆ ಎಳ್ಳೆಣ್ಣೆ ಲೇಸು. ತುಪ್ಪ ಮತ್ತು ಬೆಣ್ಣೆಗಳೂ ಹೀಗೆಯೇ. ಬೆಣ್ಣೆಯಲ್ಲಿ ಹಾಲಿನ ಅಂಶವಿದ್ದು ಅದು ಕರಿಕಾಗಿ ಉಳಿಯುತ್ತದೆ. ಬೆಣ್ಣೆದೋಸೆ ಪಳಗಿದ ಕಾವಲಿಯ ಮೇಲಿನ ಮಾತು. ಅಗಸೆ ಎಣ್ಣೆ ಬಹು ಬೇಗ ಗಟ್ಟಿಯಾಗಿ ಕನ್ನಡಿಯಂತಹ ಹೊಳಪು ಕೊಡುತ್ತದೆ, ಆದರೆ ಆ ಪದರ ಬಿರುಸಾಗಿದ್ದು ಸಟ್ಟುಗದ ಪೆಟ್ಟಿಗೆ ಚಕ್ಕೆ ಏಳುವುದುಂಟು. ಹರಳೆಣ್ಣೆ ಒಣಗುವ ಜಾತಿಯದಲ್ಲ. ಹಾಗಾಗಿ ಅದು ಎತ್ತಿಡುವ ಕಾವಲಿಗೆ ತುಕ್ಕು ಬಾರದಂತೆ ಸವರಲು ಹೆಚ್ಚು ತಕ್ಕದ್ದು.

ಮೊದಲ ದೋಸೆಗಳು

ಎಣ್ಣೆ ಕಾಯಿಸಿದ ಮಾತ್ರಕ್ಕೆ ಕಾವಲಿ ದೋಸೆಗೆ ಒಗ್ಗಿತೆಂದು ಹೇಳಲಾಗದು. ಮೊದಲು ಹೆಚ್ಚಿದ ಈರುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಕಪ್ಪಾಗುವವರೆಗೆ ಕಾವಲಿಯ ಮೇಲೆಲ್ಲ ಆಡಿಸಿ ಹುರಿದು ಎಸೆಯುವ ವಾಡಿಕೆಯಿದೆ. ಈರುಳ್ಳಿಯ ರಸ ಸಡಿಲವಾದ ಮಸಿಯನ್ನು ಎತ್ತಿಕೊಳ್ಳುತ್ತದೆ, ಲೋಹದ ವಾಸನೆಯೂ ಕಡಿಮೆಯಾಗುತ್ತದೆ. ಬಳಿಕ ಮೂರು ನಾಲ್ಕು ಸಣ್ಣ ದಪ್ಪ ದೋಸೆಗಳನ್ನು ಎಣ್ಣೆ ಧಾರಾಳವಾಗಿ ಬಿಟ್ಟು ಹುಯ್ಯುತ್ತಾರೆ. ಅವು ಹರಿದು ಬಂದರೂ ಬಲವಂತದಿಂದ ಕೆರೆಯಬಾರದು. ಬೆಂದ ದೋಸೆ ಅಂಚಿನಿಂದ ತಾನೇ ಬಿಡತೊಡಗುತ್ತದೆ; ಅದಕ್ಕೆ ಮುನ್ನ ಸಟ್ಟುಗ ಹಾಕಿದರೆ ಹಿಟ್ಟಿನೊಂದಿಗೆ ಹೊಸ ಪದರವೂ ಕಿತ್ತುಬರುತ್ತದೆ. ಕಬ್ಬಿಣದ ಸಟ್ಟುಗಕ್ಕೆ ಬದಲಾಗಿ ಮೊದಲ ವಾರ ಮರದ್ದನ್ನು ಬಳಸುವುದು ಒಳ್ಳೆಯದು.

ತೆಳುವಾದ ನೀರುದೋಸೆ ಹೊಸ ಕಾವಲಿಗೆ ಕಠಿನ ಪರೀಕ್ಷೆ. ಅದರಲ್ಲಿ ಉದ್ದಿಲ್ಲ, ಹಿಟ್ಟು ನೀರಿನಷ್ಟು ತೆಳು. ಪದರದಲ್ಲಿ ಒಂದಿಷ್ಟು ಬಿರುಕಿದ್ದರೂ ಒಳಗಿಳಿಯುತ್ತದೆ. ಉದ್ದಿನ ದೋಸೆಗಳಿಂದ ಒಂದೆರಡು ವಾರ ಪಳಗಿದ ಬಳಿಕವೇ ಅದಕ್ಕೆ ಕೈ ಹಾಕುವುದು ವಿವೇಕ.

ಕಾವು ಹದಕ್ಕೆ ಬಂದಿದೆಯೇ ಎಂದು ನೋಡಲು ನೀರು ಚಿಮುಕಿಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಹನಿಗಳು ಚುಂಯ್ ಎಂದು ಆರಿದರೆ ದೋಸೆಗೆ ಹದ. ಹನಿಗಳು ಆರದೆ ಗೋಲಿಗಳಂತೆ ಓಡಾಡಿದರೆ ಕಾವು ಸುಮಾರು 200 ಡಿಗ್ರಿಯ ಆಸುಪಾಸಿಗೆ ಏರಿ ಮಿತಿ ಮೀರಿದೆ. ಹನಿಯ ಕೆಳಗೆ ಆವಿಯ ಹಾಸು ಏರ್ಪಟ್ಟು ಅದು ಲೋಹವನ್ನು ತಾಗದೆ ತೇಲುವುದೇ ಇದಕ್ಕೆ ಕಾರಣ. ಜರ್ಮನಿಯ ವೈದ್ಯ ಯೋಹಾನ್ ಗೊಟ್ಲೋಬ್ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದುದರಿಂದ ಲೈಡೆನ್‌ಫ್ರಾಸ್ಟ್ ಪರಿಣಾಮ ಎಂಬ ಹೆಸರು ಬಂದಿದೆ. ಅಷ್ಟು ಕಾದ ಕಾವಲಿಗೆ ಹುಯ್ದ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ.

ಪ್ರತಿ ದೋಸೆಗೂ ಮುನ್ನ ಎಣ್ಣೆ ಸವರಲು ಅರ್ಧ ಹೋಳು ಮಾಡಿದ ಈರುಳ್ಳಿಯನ್ನು ಬಳಸುವುದು ಸಾಮಾನ್ಯ. ಈರುಳ್ಳಿ ತಿನ್ನದ ಮನೆಗಳಲ್ಲಿ ಬದನೆಕಾಯಿಯ ತೊಟ್ಟಿನ ಭಾಗ ಅದೇ ಕೆಲಸ ಮಾಡುತ್ತದೆ. ಹಿಡಿಯಲು ತೊಟ್ಟೂ ಸಿಗುತ್ತದೆ. ಕರಾವಳಿಯಲ್ಲಿ ಬಾಳೆ ಎಲೆಯ ದಂಟಿನ ತುದಿಯನ್ನು ಜಜ್ಜಿ ಕುಂಚ ಮಾಡಿಕೊಳ್ಳುತ್ತಾರೆ. ಕಡ್ಡಿಗೆ ಸುತ್ತಿದ ಬಟ್ಟೆಯೂ ಉಂಟು. ಪ್ಲಾಸ್ಟಿಕ್ ಎಳೆಗಳ ಕುಂಚ ಮಾತ್ರ ಕಾದ ಕಬ್ಬಿಣದ ಮೇಲೆ ಕರಗುತ್ತದೆ.

ಹೋಟೆಲಿನ ಹಲಗೆ

ಹೋಟೆಲುಗಳ ದೋಸೆ ಕಲ್ಲು ಬೆರಳು ದಪ್ಪದ ಉದ್ದನೆಯ ಉಕ್ಕಿನ ಹಲಗೆ. ಒಮ್ಮೆಗೆ ಹತ್ತಾರು ದೋಸೆ ಹಿಡಿಸುವ ಇದನ್ನು ಸುಲಭವಾಗಿ ಇಳಿಸಿ ತೊಳೆಯಲಾಗದು, ಆದ್ದರಿಂದ ಪಳಗಿಸುವುದು ಒಲೆಯ ಮೇಲಿರುವಂತೆಯೇ. ಹೊಸ ಹಲಗೆಯ ಕಾರ್ಖಾನೆಯ ಸಿಪ್ಪೆಯನ್ನು ಇಟ್ಟಿಗೆ ಚೂರು ಅಥವಾ ಉಜ್ಜುಕಲ್ಲಿನಿಂದ ತಿಕ್ಕಿ ನುಣುಪು ಮಾಡಿ, ಎಣ್ಣೆ ಹರಡಿ, ಕಾಯಿಸಿ, ಒರೆಸಿ, ಮತ್ತೆ ಕಾಯಿಸುತ್ತಾರೆ. ದಪ್ಪ ಹಲಗೆ ಕಾವನ್ನು ಬಹಳವಾಗಿ ಹಿಡಿದಿಟ್ಟುಕೊಳ್ಳುವುದರಿಂದ ತಣ್ಣನೆಯ ಹಿಟ್ಟು ಬಿದ್ದರೂ ಅದರ ಕಾವು ಹೆಚ್ಚು ಇಳಿಯುವುದಿಲ್ಲ. ಮನೆಯ ತೆಳು ಹೆಂಚಿಗೆ ಈ ಸೌಲಭ್ಯವಿಲ್ಲ.

ಎರಡು ಸರದಿಗಳ ನಡುವೆ ಅಡುಗೆಯವರು ನೀರು ಎರಚಿ ಕಡ್ಡಿಪೊರಕೆಯಿಂದ ಹಲಗೆಯನ್ನು ಗುಡಿಸುವ ದೃಶ್ಯ ಬೆಂಗಳೂರಿನವರಿಗೆ ಚಿರಪರಿಚಿತ. ಮೊದಲ ನೋಟಕ್ಕೆ ಇದು ಕಸ ತೆಗೆಯುವ ಕೆಲಸವೆಂದು ತೋರುತ್ತದೆ. ನೀರು ಮೇಲ್ಮೈಯ ಕಾವನ್ನು ಕ್ಷಣಕಾಲ ತಗ್ಗಿಸಿ ಹಿಟ್ಟನ್ನು ಹರಡಲು ಅವಕಾಶ ಕೊಡುತ್ತದೆ, ಪೊರಕೆ ಹಿಂದಿನ ದೋಸೆಯ ಹೆಚ್ಚುವರಿ ಎಣ್ಣೆಯನ್ನು ತೆಗೆದು ತೆಳುವಾದ ಲೇಪವನ್ನು ಮಾತ್ರ ಉಳಿಸುತ್ತದೆ. ಮನೆಯಲ್ಲಿ ಬಟ್ಟೆಯಿಂದ ಒರೆಸುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆದರೆ ಉಕ್ಕಿನ ಹಲಗೆಗೆ ಸಲ್ಲುವ ಈ ನೀರೆರಚುವಿಕೆ ಬೀಡಿನ ಕಾವಲಿಗೆ ಸಲ್ಲದು. ಎರಕದ ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಭಾಗ ಇಂಗಾಲವಿದ್ದು ಅದು ಗಡುಸಾಗಿಯೂ ಬಿರುಸಾಗಿಯೂ ಇರುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಸುರಿದರೆ ಅದು ಒಡೆಯಬಹುದು. ಒಡೆದ ಬೀಡನ್ನು ಮನೆಯಲ್ಲಿ ಸರಿಪಡಿಸುವ ದಾರಿಯಿಲ್ಲ. ಅದಕ್ಕೆ ನಾಲ್ಕು ಹನಿ ಚಿಮುಕಿಸಿ ಒರೆಸುವಷ್ಟೇ ಸಾಕು.

ಇತರ ಬಗೆಗಳು

ಜೋಳದ ರೊಟ್ಟಿಯ ಹಂಚಿಗೆ ದೋಸೆಯ ಕಾವಲಿಯಷ್ಟು ಎಣ್ಣೆಯ ಉಪಚಾರ ಬೇಕಿಲ್ಲ. ರೊಟ್ಟಿ ಎಣ್ಣೆಯಿಲ್ಲದೆ, ಮೇಲೆ ನೀರು ಸವರಿಸಿಕೊಂಡು ಬೇಯುತ್ತದೆ. ಒಣ ಹಿಟ್ಟು ಮತ್ತು ಬಿರುಸಾದ ಕಾವಿಗೆ ಎಣ್ಣೆಯ ಪದರ ಸುಟ್ಟುಹೋಗುತ್ತದೆ. ಈ ಕಾರಣದಿಂದಲೇ ದೋಸೆಯ ಕಾವಲಿಯನ್ನು ರೊಟ್ಟಿಗೆ, ಚಪಾತಿಗೆ ಬಳಸಬಾರದೆಂಬ ನಿಯಮ ಅನೇಕ ಮನೆಗಳಲ್ಲಿದೆ. ಇದು ಮಡಿಯ ಮಾತಲ್ಲ, ಲೋಹದ ಮಾತು.

ಗುಳಿಗಳುಳ್ಳ ಪಡ್ಡಿನ ಹಂಚನ್ನು ಪಳಗಿಸುವಾಗ ಎಣ್ಣೆ ಗುಳಿಯ ತಳದಲ್ಲಿ ನಿಂತು ಜಿಗುಟಾಗುವುದು ಸಾಮಾನ್ಯ ತೊಡಕು. ಮೊದಲ ಸುತ್ತುಗಳಲ್ಲಿ ಅದನ್ನು ಬೋರಲು ಹಾಕಿ ಕಾಯಿಸಿದರೆ ತಪ್ಪುತ್ತದೆ. ಮಣ್ಣಿನ ಹೆಂಚನ್ನು ಒಂದು ದಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಎಣ್ಣೆ ಕುಡಿಸಿ, ಬಹಳ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಬಳಪದ ಕಲ್ಲಿನ ಕಾವಲಿಗೂ ಇದೇ ಬಗೆಯ ಉಪಚಾರ, ಆದರೆ ಕಲ್ಲು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ನಾನ್‌ಸ್ಟಿಕ್ ತವಾದಲ್ಲಿ ಅಂಟದಿರುವ ಗುಣ ಬರುವುದು ಪಾಲಿಟೆಟ್ರಾಫ್ಲೋರೋಎಥಿಲೀನ್ ಎಂಬ ಲೇಪದಿಂದ. ಅಮೆರಿಕದ ರಾಯ್ ಪ್ಲಂಕೆಟ್ 1938ರಲ್ಲಿ ಈ ವಸ್ತುವನ್ನು ಆಕಸ್ಮಿಕವಾಗಿ ಕಂಡುಹಿಡಿದರು. ಬಿಸಿ 260 ಡಿಗ್ರಿಯನ್ನು ಮೀರಿದರೆ ಲೇಪ ಕೆಡತೊಡಗುವುದರಿಂದ ಕಬ್ಬಿಣವನ್ನು ಪಳಗಿಸುವಂತೆ ಅದನ್ನು ಬರಿದಾಗಿ ಹೊಗೆಯೇಳುವವರೆಗೆ ಕಾಯಿಸುವುದು ಅಪಾಯಕರ.

ಪದರ ಕೆಡುವುದು, ಮತ್ತೆ ಕಟ್ಟುವುದು

ಬಳಕೆಯ ಬಳಿಕ ಕಾವಲಿ ಉಗುರುಬೆಚ್ಚಗಿರುವಾಗ ಬಟ್ಟೆಯಿಂದ ಒರೆಸಿಟ್ಟರೆ ಸಾಕಾಗುತ್ತದೆ. ತೊಳೆಯಲೇಬೇಕಾದರೆ ನೀರು ಮತ್ತು ಮೆದುವಾದ ನಾರು ಸಾಕು. ಒಮ್ಮೊಮ್ಮೆ ಸ್ವಲ್ಪ ಸಾಬೂನು ತಾಗಿದರೆ ಚೆನ್ನಾಗಿ ಕೂಡಿದ ಪದರ ಹೋಗುವುದಿಲ್ಲ. ಪದರವನ್ನು ನಿಜವಾಗಿ ಕೆಡಿಸುವುವು ಮೂರು: ಲೋಹದ ತಂತಿಯ ಉಜ್ಜುಗ, ರಾತ್ರಿಯಿಡೀ ನೀರಿನಲ್ಲಿ ನೆನೆಯುವುದು ಮತ್ತು ಹುಳಿ ಪದಾರ್ಥವನ್ನು ಹೆಚ್ಚು ಹೊತ್ತು ಕುದಿಸುವುದು. ಹುದುಗು ಬಂದ ದೋಸೆಹಿಟ್ಟೂ ಹುಳಿಯೇ, ಆದರೆ ಅದು ಕಾವಲಿಯ ಮೇಲಿರುವುದು ಎರಡು ಮೂರು ನಿಮಿಷ ಮಾತ್ರ. ಗೊಜ್ಜು, ಟೊಮೇಟೊ ಪಲ್ಯಗಳನ್ನು ಕಾವಲಿಯ ಮೇಲೆ ಮಾಡಬಾರದು.

ಹಿರಿಯರು ಬಳಸಿ ಬಿಟ್ಟ, ಅಟ್ಟದ ಮೇಲೆ ತುಕ್ಕು ಹಿಡಿದ ಕಾವಲಿಯನ್ನು ಎಸೆಯಬೇಕಾಗಿಲ್ಲ. ಬಿರುಕಿಲ್ಲದಿದ್ದರೆ ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿ ತೆಗೆದು ಹೊಸದರಂತೆಯೇ ಮೊದಲಿನಿಂದ ಪಳಗಿಸಬಹುದು. ಜಿಗುಟಾದ ಕಾವಲಿಗೆ ಇನ್ನಷ್ಟು ಎಣ್ಣೆ ಹಚ್ಚದೆ ಬರಿದಾಗಿ ಕಾಯಿಸಿದರೆ ಅರೆಬರೆಯಾಗಿದ್ದ ಎಣ್ಣೆ ಗಟ್ಟಿಯಾಗುತ್ತದೆ. ಆಗಲೂ ಜಿಗುಟು ಹೋಗದಿದ್ದರೆ ಕೆರೆದು ತೆಗೆಯುವುದೊಂದೇ ದಾರಿ.

ಎಚ್ಚರಿಕೆ

ಎಣ್ಣೆ ಕಾಯಿಸುವಾಗ ಕಿಟಕಿ ತೆರೆದಿರಬೇಕು. ಹೊಗೆ ಕಣ್ಣಿಗೂ ಉಸಿರಿಗೂ ತೊಂದರೆ ಕೊಡುತ್ತದೆ. ಒಲೆಯ ಬಳಿಯಿಂದ ದೂರ ಹೋಗಬಾರದು. ಎಣ್ಣೆ ಹತ್ತಿಕೊಂಡರೆ ಒಲೆ ಆರಿಸಿ ತಟ್ಟೆ ಮುಚ್ಚಬೇಕು, ನೀರು ಹಾಕಬಾರದು. ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಇಡುವುದು ಅಪಾಯಕರ: ಆ ಎಣ್ಣೆ ಗಾಳಿಗೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆ ಹೊತ್ತಿಕೊಳ್ಳಬಹುದು. ಅದನ್ನು ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ನೆನೆಸಬೇಕು.

ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಸ್ವಲ್ಪ ಕಬ್ಬಿಣದ ಅಂಶ ಸೇರುತ್ತದೆ, ಹುಳಿ ಪದಾರ್ಥಕ್ಕೆ ಹೆಚ್ಚು. ಪದರ ಚೆನ್ನಾಗಿ ಕೂಡಿದ ಕಾವಲಿಯಿಂದ ಸೇರುವುದು ಹೊಸದಕ್ಕಿಂತ ಕಡಿಮೆ. ದೇಹದಲ್ಲಿ ಕಬ್ಬಿಣ ಮಿತಿಮೀರಿ ಸಂಗ್ರಹವಾಗುವ ಕಾಯಿಲೆಯುಳ್ಳವರು ಈ ವಿಷಯದಲ್ಲಿ ವೈದ್ಯರನ್ನು ಕೇಳುವುದು ಒಳಿತು.

ಆಚಾರ ಮತ್ತು ಗಾದೆ

ನಾಗರಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ಆಚಾರ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಆ ದಿನ ಹುರಿಯುವ, ಕರಿಯುವ ಅಡುಗೆಯನ್ನು ಬಿಟ್ಟು ಕಡುಬಿನಂತಹ ಹಬೆಯ ತಿನಿಸುಗಳನ್ನು ಮಾಡುತ್ತಾರೆ. ಹೊಸ ಕಾವಲಿ ಕಾಯಿಸುವುದಂತೂ ಇಲ್ಲವೇ ಇಲ್ಲ. ಸಂಸಾರದ ಕೊರತೆಗಳು ಯಾರಿಗೂ ತಪ್ಪಿದ್ದಲ್ಲ ಎಂಬ ಅರ್ಥದಲ್ಲಿ ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆ ಕನ್ನಡದಲ್ಲಿ ಪ್ರಸಿದ್ಧವಾಗಿದೆ. ತಮ್ಮ ಕಷ್ಟ ಇನ್ನೂ ದೊಡ್ಡದೆಂದು ಹೇಳುವವರು ಅದಕ್ಕೆ ನಮ್ಮ ಮನೆಯ ಕಾವಲಿಯೇ ತೂತು ಎಂದು ಸೇರಿಸುತ್ತಾರೆ.